ತೊಂಬತ್ತು ನಿಮಿಷದ ಪಾಠ

ಕೌಲ್ ಬಜಾರಿನ ನಮ್ಮ ವಠಾರದಾಗ
ಸಿಗ್ನಲ್ಲು ಬರೋದು ಎರಡೇ ಕಡೆ:
ನೀರಿನ ಟ್ಯಾಂಕಿನ ಮ್ಯಾಗ,
ಇಲ್ಲಾಂದ್ರ ಪಾಯಖಾನಿ ಬಾಗಿಲ ಮುಂದ.
ಟ್ಯಾಂಕಿನ ಮ್ಯಾಗ ಬಿಸಿಲು ಕೂತಿತ್ತು,
ನಾನು ಪಾಯಖಾನಿ ಮುಂದ ಕೂತೆ.

ತೊಡಿ ಮ್ಯಾಗ ಎರಡು ಡಜನ್ ಜೀನ್ಸ್ ಪ್ಯಾಂಟು,
ಕೈಯಾಗ ಕತ್ತರಿ. ಹೊಲಿಗಿ ಬಿಟ್ಟ ನೂಲಿನ ಬಾಲ
ಕತ್ತರಿಸೋದು ನನ್ನ ಹೊಟ್ಟಿಪಾಡು.
ಗ್ವಾಡಿಗೆ ಒರಗಿಸಿದ ಫೋನಿನಾಗ
ಇಸ್ತ್ರಿ ಸೀರಿಯ ಮೇಡಂ ಬಂದ್ರು:
“ಆತ್ಮೀಯ ಸ್ವಯಂಸೇವಕರೇ, ತಮಗೆ ಸುಸ್ವಾಗತ.”
ನನಗ ‘ತಮಗೆ’ ಅಂದವರು ಅವರೇ ಮೊದಲು.
ಸೆರಗು ಸರಿ ಮಾಡಿಕೊಂಡೆ.

ಮೊದಲನೇ ಪಾಠ: ಕೈ ತೊಳಿರಿ, ಕಿಟಕಿ ತೆಗೀರಿ.
ನಮ್ಮ ಓಣ್ಯಾಗ ಕಿಟಕಿ ಇದ್ದ ಮನಿ ಎಷ್ಟಂತ
ಬೆರಳು ಮಡಚಿದೆ. ಒಂದು ಕೈ ಸಾಕಾತು.
ಎರಡನೇದು: ರೋಗಿಯ ಗುಟ್ಟು ರೋಗಿಯದ್ದು.
ಇದನ್ನ ಎರಡು ಸಲ ಕೇಳಿದೆ.
ವಠಾರದಾಗ ಗುಟ್ಟಿಗೆ ಜಾಗ ಎಲ್ಲೈತಿ?
ಒಬ್ಬರು ಒಗ್ಗರಣಿ ಹಾಕಿದ್ರ
ಏಳು ಮನಿ ಸೀನ್ತಾವ.

ಮೂರನೇದ್ರಾಗ ಪ್ರಶ್ನೆ:
“ಕ್ಷಯದ ರೋಗಿಯೊಬ್ಬರು ಗುಳಿಗೆ ನಿಲ್ಲಿಸಿದ್ದಾರೆ.
ನೀವು ಮೊದಲು ಏನು ಮಾಡುವಿರಿ?”
ಅ, ಆ, ಇ, ಈ.
ನೀಲಿ ಹತ್ತಿದ ನನ್ನ ಬೆರಳು
‘ಕಾರಣ ಕೇಳುವೆ’ ಒತ್ತಿತು.
ಹಸಿರು ಟಿಕ್ಕು. ಚಪ್ಪಾಳಿ ಸಪ್ಪಳ.
ತಟ್ಟಿದವರ ಕೈ ಕಾಣಲಿಲ್ಲ.

ಆ ರೋಗಿ ಯಾರಂತ ನನಗ ಗೊತ್ತಿತ್ತು.
ಗಾದಿಲಿಂಗ ಅಂತೀನಿ ಇಲ್ಲಿ.
ಅದು ಅವನ ಹೆಸರಲ್ಲ. ಎರಡನೇ ಪಾಠ.

ಕಾರಣ ಕೇಳಿದೆ,
ಮೇಡಂ ಹೇಳಿದಂಗ ತಲಿ ಒಂದೀಟು ವಾಲಿಸಿ.
“ಏನಿಲ್ಲ ಬಿಡಕ್ಕ” ಅಂದ, ಗ್ವಾಡಿ ಕಡೆ ಹೊರಳಿದ.
ವಿಡಿಯೋ ಇಲ್ಲಿಗೆ ಮುಗಿದಿತ್ತು.
ಮುಂದೇನಂತ ಅ-ದಾಗೂ ಇರಲಿಲ್ಲ, ಈ-ದಾಗೂ ಇರಲಿಲ್ಲ.

ಎದ್ದು ಹೋಗಬೇಕಂದ್ರ ಪ್ಯಾಂಟು ಇನ್ನೂ ಉಳಿದಿದ್ದವು.
ಅವನ ಹೊಸ್ತಿಲಾಗ ಕೂತು ನೂಲು ಕತ್ತರಿಸಿದೆ.
ಕಚ್. ಕಚ್.
ಅವನೂ ವಾಶಿಂಗ್ ಘಟಕದಾಗ ದುಡಿದವ,
ಸುಮ್ಮನ ಕೂಡಲಾರದ ಕೈ.
ಆರನೇ ಪ್ಯಾಂಟಿಗೆ ತಾನೂ ಒಂದು ಎಳಕೊಂಡ.
ಒಂಬತ್ತನೇದಕ್ಕ ಬಾಯಿಬಿಟ್ಟ,
ನನಗಲ್ಲ, ಪ್ಯಾಂಟಿಗೆ ಹೇಳಿದಂಗ:

“ಆ ಗುಳಿಗಿ ನುಂಗಿದ್ರ ಉಚ್ಚಿ ಕೆಂಪಗ ಬರ್ತೈತಕ್ಕ.
ಹದಿನೇಳು ಮಂದಿಗೆ ಒಂದೇ ಪಾಯಖಾನಿ.
ನನ್ನ ಹಿಂದ ಒಳಗ ಹೋದ ಹುಡುಗಿ
ಚೀರಿಕೊಂಡು ಹೊರಗ ಬಂತು.
ನಲ್ಲಿ ಬರೋದು ವಾರಕ್ಕೊಮ್ಮೆ.
ಸುರುವಲಿಕ್ಕೆ ನೀರು ಎಲ್ಲಿಂದ ತರ್ಲಿ?”

ಬಣ್ಣ!
ಹನ್ನೊಂದು ವರ್ಷ ಮಂದಿ ಪ್ಯಾಂಟಿಗೆ
ಬಣ್ಣ ಏರಿಸಿ ಬಣ್ಣ ಇಳಿಸಿದ ಮನುಷ್ಯ
ಬಣ್ಣಕ್ಕ ಅಂಜಿ ಸಾಯಲಿಕ್ಕೆ ಹೊಂಟಿದ್ದ.
ನಗು ಬಂತು, ನಗಲಿಲ್ಲ.
“ಗುಳಿಗಿ ಬಣ್ಣಪ್ಪ ಅದು, ರಗತ ಅಲ್ಲ.”
ಪಾಠದಾಗ ಹಂಗೊಂದು ಸಾಲು ಇತ್ತು, ಸಣ್ಣ ಅಕ್ಷರದಾಗ.
ನನ್ನ ಹತ್ತೂ ಬೆರಳು ಚಾಚಿ ತೋರಿಸಿದೆ,
ತೊಳೆದ್ರೂ ಬಿಡದ ನೀಲಿ.
ನೋಡಿದ. ತನ್ನ ಉಗುರೂ ನೋಡಿಕೊಂಡ.

ಮರುದಿನ ಕೋಳಿ ಕೂಗೋದ್ರಾಗ
ಪಾಯಖಾನಿ ಬಾಗಿಲಿಗೆ ಒಂದು ಬಕೀಟು ಇಟ್ಟೆ,
ಹಿಡಿಕಿ ಮುರಿದದ್ದು.
ಓಣಿ ತುದಿಯ ಘಟಕದಾಗ ಚೆಲ್ಲೋ ನೀರು
ಹೊತ್ತು ತಂದು ತುಂಬಿದೆ, ಕಡುನೀಲಿ.
ಬಂದವರೆಲ್ಲ ಒಂದೊಂದು ಚೆಂಬು ಸುರುವಿದರು.
ಯಾರ ಬಣ್ಣ ಯಾವುದೋ ತಿಳಿಯದಂಗಾತು.
“ಇದೇನ ಹೊಸಾದು?” ಅಂದಳು ಈರಮ್ಮಜ್ಜಿ.
“ಮೇಡಂ ಹೇಳ್ಯಾರ” ಅಂದೆ. ಸುಳ್ಳು.

ಕಡೀಕ ಫೋನು ಕೇಳಿತು:
“ಈ ತರಬೇತಿಯಿಂದ ತಾವು ಕಲಿತದ್ದೇನು?”
ಬಕೀಟು, ಅಂತ ಒತ್ತಿದೆ.
ಕೆಂಪಗ ಮೂಡಿತು: ಕನಿಷ್ಠ ಐವತ್ತು ಅಕ್ಷರ ಬೇಕು.
ಬಕೀಟು ಬಕೀಟು ಬಕೀಟು
ಅಂತ ಒತ್ತಿಕೋತ ಕೂತಿದ್ದೆ.
ಬಾಗಿಲ ಹಿಂದ ಯಾರೋ ನೀರು ಸುರುವಿದ ಸಪ್ಪಳ ಬಂತು,
ಒಂದು ಚೆಂಬಲ್ಲ, ಎರಡು.
ಚಿಲಕ ತೆಗೆಯೋ ಮೊದಲ
ನಾನು ಮುಖ ಆ ಕಡೆ ತಿರುಗಿಸಿದೆ.